ಪಾಠ ನಡೆಯುವುದು ಯಾರಿಗಾಗಿ?



ನಿಮ್ಮ ಮನೆಯಲ್ಲಿಯೋ ನೆರೆಮನೆಯಲ್ಲಿಯೋ ಬಿ.ಎಡ್. ಓದುತ್ತಿರುವ ಮಗಳೋ ಮಗನೋ ಇದ್ದರೆ ಆ ಮನೆಯ ರಾತ್ರಿಗಳು ಹೇಗಿರುತ್ತವೆಂದು ನಿಮಗೆ ಗೊತ್ತು. ಪಾಠಯೋಜನೆ ಬರೆಯಬೇಕು, ಚಾರ್ಟಿಗೆ ಬಣ್ಣ ಹಚ್ಚಬೇಕು, ಥರ್ಮೋಕೋಲ್ ಕತ್ತರಿಸಬೇಕು. ಇದರಲ್ಲಿ ಅಪ್ಪ ಅಮ್ಮನಿಗೂ ಒಂದು ಪಾಲು. ಮರುದಿನ ಆಕೆ ಯಾವುದೋ ಶಾಲೆಯ ಎಂಟನೆಯ ತರಗತಿಯಲ್ಲಿ ನಿಲ್ಲುತ್ತಾಳೆ. ಮುಂದೆ ನಲವತ್ತು ಮಕ್ಕಳು. ಕೊನೆಯ ಬೆಂಚಿನಲ್ಲಿ ವೀಕ್ಷಣಾ ಪುಸ್ತಕ ಹಿಡಿದ ಉಪನ್ಯಾಸಕರು. ಈ ಪಾಠ ನಡೆಯುವುದು ಯಾರಿಗಾಗಿ? ಮಕ್ಕಳಿಗಾಗಿಯೋ, ಹಿಂದೆ ಕುಳಿತವರಿಗಾಗಿಯೋ?

ಮೇಲ್ನೋಟಕ್ಕೆ ಇದು ಸಣ್ಣ ಪ್ರಶ್ನೆ. ಆದರೆ ಶಿಕ್ಷಕರನ್ನು ತಯಾರುಮಾಡಲು ಕ್ರೈಸ್ತ ಕಾಲೇಜೊಂದು ಪ್ರತ್ಯೇಕವಾಗಿ ಏಕೆ ಬೇಕು ಎಂಬ ಪ್ರಶ್ನೆ ಇದರೊಳಗೇ ಅಡಗಿದೆ.

ಈ ಕಾಯಕ ಧರ್ಮಸಭೆಗೆ ಹೊಸದಲ್ಲ. ಸಂತ ಜಾನ್ ಬ್ಯಾಪ್ಟಿಸ್ಟ್ ದ ಲಾಸಾಲ್ 1680ರ ದಶಕದಲ್ಲಿಯೇ ಫ್ರಾನ್ಸಿನ ರೀಮ್ಸ್ ನಗರದಲ್ಲಿ ಹಳ್ಳಿಯ ಮೇಷ್ಟ್ರುಗಳಿಗೆ ತರಬೇತಿ ಕೊಡತೊಡಗಿದರು. 1950ರಲ್ಲಿ ಜಗದ್ಗುರು ಹನ್ನೆರಡನೆಯ ಪಿಯುಸ್ ಅವರನ್ನು ಶಿಕ್ಷಕರ ಪಾಲಕ ಸಂತರೆಂದು ಘೋಷಿಸಿದರು. ಅಪೋಸ್ತಲಿಕ ಕಾರ್ಮೆಲ್ ಸಭೆಯ ಕನ್ಯಾಸ್ತ್ರೀಯರು ಮಂಗಳೂರಿಗೆ ಬಂದದ್ದು 1870ರಲ್ಲಿ. ಅವರ ಸಂತ ಆನ್ಸ್ ಶಿಕ್ಷಣ ಮಹಾವಿದ್ಯಾಲಯದಲ್ಲಿ ಕಲಿತ ಶಿಕ್ಷಕಿಯರ ಕೈಯಲ್ಲಿ ಎಲ್ಲ ಮತಗಳ ಮಕ್ಕಳೂ ಅಕ್ಷರ ಕಲಿತಿದ್ದಾರೆ.

ಸಂತ ತೋಮಾಸ್ ಅಕ್ವಿನಾಸರು ‘ಸತ್ಯವನ್ನು ಕುರಿತು’ ಎಂಬ ಗ್ರಂಥದ 11ನೆಯ ಪ್ರಶ್ನೆಯಲ್ಲಿ ಗುರುವನ್ನು ವೈದ್ಯನಿಗೆ ಹೋಲಿಸುತ್ತಾರೆ. ಗಾಯವನ್ನು ಮಾಯಿಸುವುದು ದೇಹದ ಸ್ವಭಾವವೇ. ವೈದ್ಯ ಅದಕ್ಕೆ ನೆರವಾಗುತ್ತಾನೆ. ಹಾಗೆಯೇ ಅರಿಯುವುದು ಮಗುವಿನ ಬುದ್ಧಿಯೇ. ಅವರಿಗಿಂತ ಎಂಟುನೂರು ವರ್ಷಗಳಿಗೂ ಹಿಂದೆ ಸಂತ ಅಗುಸ್ತೀನರು ‘ಗುರು’ ಎಂಬ ಸಂವಾದವನ್ನು ಬರೆದರು. ಅದರಲ್ಲಿ ಶಿಷ್ಯನಾಗಿರುವುದು ಅವರ ಸ್ವಂತ ಮಗ ಅದೆಯೋದಾತುಸ್, ಹದಿನಾರರ ಹುಡುಗ; ಮುಂದೆ ಬೇಗನೆ ತೀರಿಕೊಂಡ. ನಮ್ಮ ಮಾತುಗಳು ಬರಿಯ ಸಂಕೇತಗಳು, ಒಳಗಿದ್ದು ನಿಜವಾಗಿ ಕಲಿಸುವವನು ಕ್ರಿಸ್ತ ಎಂಬುದು ಅಲ್ಲಿನ ವಾದ. ಹಾಗಿದ್ದರೆ ಮಗುವಿನ ಮುಂದೆ ನಿಂತವರು ಎಷ್ಟು ಮೆಲ್ಲಗೆ ಹೆಜ್ಜೆಯಿಡಬೇಕು!

ಈಗ ಬೋಧನಾಭ್ಯಾಸದ ತರಗತಿಗೆ ಮರಳೋಣ. ಪರೀಕ್ಷಾ ಪಾಠವನ್ನು ಮಕ್ಕಳಿಗೆ ಮೊದಲೇ ಒಮ್ಮೆ ಮಾಡಿಬಿಡುವುದು, ಉತ್ತರ ಹೇಳುವವರನ್ನು ಮೊದಲೇ ಗೊತ್ತುಮಾಡುವುದು, ಹಿಂದುಳಿದ ಮಗುವಿನ ಕಡೆ ಪ್ರಶ್ನೆ ಹೋಗದಂತೆ ನೋಡಿಕೊಳ್ಳುವುದು – ಇಂಥವು ಕೆಲವೆಡೆ ನಡೆಯುತ್ತವೆಂದು ಶಿಕ್ಷಕರಾಗಿರುವ ಓದುಗರು ಬಲ್ಲರು. ಆ ದಿನ ಎಲ್ಲರಿಗೂ ಒಳ್ಳೆಯ ಅಂಕ. ಆದರೆ ಮೂಲೆಯಲ್ಲಿ ಕುಳಿತ ಮಗುವೂ ಅಂದು ಒಂದು ಪಾಠ ಕಲಿತಿತು: ಗೊತ್ತಿಲ್ಲದಿರುವುದು ನಾಚಿಕೆ, ಅದನ್ನು ಮುಚ್ಚಿಡಬೇಕು.

ಪ್ರಶಿಕ್ಷಣಾರ್ಥಿಯನ್ನೇ ದೂರುವುದು ನ್ಯಾಯವಲ್ಲ. ಸಾಲ ಮಾಡಿ ಫೀಸು ಕಟ್ಟಿದ ಮನೆಯ ಹುಡುಗಿಗೆ ಅಂಕ ಬೇಕು. ವೀಕ್ಷಣಾ ಪುಸ್ತಕ ಕೇಳುವುದೂ ಪೀಠಿಕೆ, ಧ್ವನಿ, ಕಪ್ಪುಹಲಗೆಯ ಬರವಣಿಗೆ, ಬೋಧನೋಪಕರಣ ಇಂಥವನ್ನೇ. ಇನ್ನು, ಮಕ್ಕಳ ಮೇಲೆ ಅಭ್ಯಾಸ ಮಾಡುವುದೇ ತಪ್ಪೆನ್ನುವಂತಿಲ್ಲ. ಎಳೆಯ ವೈದ್ಯನೂ ರೋಗಿಗಳ ನಡುವೆಯೇ ಕಲಿಯಬೇಕು. ಮನುಷ್ಯನನ್ನು ‘ಕೇವಲ’ ಸಾಧನವಾಗಿ ಬಳಸಬಾರದೆಂದ ತತ್ತ್ವಜ್ಞಾನಿ ಕಾಂಟ್ ಆ ‘ಕೇವಲ’ ಎಂಬ ಪದವನ್ನು ಸುಮ್ಮನೆ ಸೇರಿಸಲಿಲ್ಲ. ಅಭ್ಯಾಸದ ಪಾಠದಲ್ಲಿಯೂ ಮಗುವಿನ ಪಾಲು ಮಗುವಿಗೆ ಸಲ್ಲಬೇಕು. ಪಾಠ ಮುಗಿದ ಮೇಲೆ ಉಪನ್ಯಾಸಕರು ಎದ್ದು ಮೂರು ಮಕ್ಕಳ ನೋಟ್‌ಬುಕ್ ನೋಡಲಿ. ಅರ್ಥವಾಗದ ಮಗುವಿಗೆ ನಾಳೆ ಮತ್ತೆ ಹೇಳಿಕೊಟ್ಟರೆ ಅದಕ್ಕೂ ಅಂಕವಿರಲಿ. 2015ರಲ್ಲಿ ಬಿ.ಎಡ್. ಎರಡು ವರ್ಷಗಳ ಕೋರ್ಸಾದಾಗ ಶಾಲೆಯಲ್ಲಿ ಕಳೆಯುವ ವಾರಗಳೂ ಹೆಚ್ಚಿದವು. ಇದಕ್ಕೆ ಸಮಯವಿಲ್ಲವೆನ್ನುವುದು ಕಷ್ಟ.

‘ಇದರಲ್ಲಿ ಕ್ರೈಸ್ತತನ ಎಲ್ಲಿ ಬಂತು ಫಾದರ್?’ ಎಂದು ನೀವು ಕೇಳಬಹುದು. ಗಣಿತದ ಪಾಠದಲ್ಲಿ ಧರ್ಮಬೋಧನೆ ತುರುಕುವಂತಿಲ್ಲ, ತುರುಕಲೂಬಾರದು. ಅನ್ಯಮತದ ಮಗುವಿನ ಮನಸ್ಸಾಕ್ಷಿಗೆ ನಮ್ಮ ಸಂವಿಧಾನದ 28ನೆಯ ವಿಧಿ ರಕ್ಷಣೆ ಕೊಟ್ಟಿದೆ. ಆದರೆ ಸಂತ ಮಾರ್ಕನ ಶುಭಸಂದೇಶದ 8ನೆಯ ಅಧ್ಯಾಯವನ್ನು ತೆರೆದು ನೋಡಿ. ಬೆತ್ಸಾಯಿದದ ಅಂಧನನ್ನು ಯೇಸುಸ್ವಾಮಿ ಕೈಹಿಡಿದು ಊರ ಹೊರಗೆ ಕರೆದೊಯ್ಯುತ್ತಾರೆ – ನೋಡುವವರ ಗುಂಪು ಅಲ್ಲಿಲ್ಲ. ಕೈಯಿರಿಸಿದ ಮೇಲೆ, ಏನಾದರೂ ಕಾಣುತ್ತದೆಯೇ ಎಂದು ಕೇಳುತ್ತಾರೆ. ಜನರು ನಡೆದಾಡುವ ಮರಗಳಂತೆ ಕಾಣುತ್ತಾರೆಂದು ಆತ ಇದ್ದದ್ದನ್ನು ಇದ್ದಂತೆ ಹೇಳುತ್ತಾನೆ. ಪ್ರಭು ಗದರುವುದಿಲ್ಲ. ಮತ್ತೊಮ್ಮೆ ಕೈಯಿರಿಸುತ್ತಾರೆ. ಪಾಠಯೋಜನೆಯ ಯಾವ ಪುಸ್ತಕದಲ್ಲಿಯೂ ಇದಕ್ಕಿಂತ ಒಳ್ಳೆಯ ಮಾದರಿ ಪಾಠವನ್ನು ನಾನು ಕಂಡಿಲ್ಲ.

ತಂದೆತಾಯಿಗಳೇ, ಮಗಳು ಬೋಧನಾಭ್ಯಾಸ ಮುಗಿಸಿ ಮನೆಗೆ ಬಂದಾಗ ‘ಎಷ್ಟು ಮಾರ್ಕು ಬಂತು?’ ಎಂದು ಕೇಳುತ್ತೀರಿ, ಕೇಳಿ. ಜೊತೆಗೆ, ಅರ್ಥವಾಗದೆ ಉಳಿದ ಮಗುವಿನ ಹೆಸರೇನೆಂದೂ ಕೇಳಿ. ನಾಳೆ ಕೆಲಸಕ್ಕೆ ಸೇರಿದಾಗ ಅವಳ ಮುಂದೆ ಅರವತ್ತು ಮಕ್ಕಳನ್ನು ಕೂರಿಸಿ, ದಿನಕ್ಕೆ ಏಳು ಪೀರಿಯಡ್ ಕೊಟ್ಟು, ಕಡಿಮೆ ಸಂಬಳಕ್ಕೆ ದುಡಿಸಿಕೊಳ್ಳುವ ಆಡಳಿತಗಳನ್ನೂ ಇದೇ ಪ್ರಶ್ನೆ ಕೇಳಬೇಕಾಗುತ್ತದೆ. ಅವುಗಳಲ್ಲಿ ಕೆಲವು ನಮ್ಮವೇ. ಆ ಮಾತು ಇನ್ನೊಂದು ವಾರಕ್ಕಿರಲಿ.