ಸಾಕು ಎನ್ನುವ ದನಿ ಯಾರದು?



ದಣಿದ ಮನುಷ್ಯನೊಳಗೆ ಒಂದು ದನಿ ಏಳುತ್ತದೆ: ಸಾಕು, ನಿಲ್ಲು. ಈ ದನಿ ಕೇಳದವರು ನಮ್ಮಲ್ಲಿ ಯಾರೂ ಇಲ್ಲ. ಪರೀಕ್ಷೆಗೆ ಓದುವ ಹುಡುಗನಿಗೆ ಅದು ರಾತ್ರಿ ಹತ್ತಕ್ಕೆ ಕೇಳುತ್ತದೆ. ಹಾಸಿಗೆ ಹಿಡಿದ ಅತ್ತೆಯನ್ನು ನೋಡಿಕೊಳ್ಳುವ ಸೊಸೆಗೆ ಬೆಳಗಿನ ಜಾವ, ಉಪವಾಸ ಹಿಡಿದವನಿಗೆ ತಪಸ್ಸುಕಾಲದ ಎರಡನೇ ಶುಕ್ರವಾರ. ಅದು ಶೋಧಕನ ಪಿಸುಮಾತೋ, ದೇವರೇ ಇಟ್ಟ ಎಚ್ಚರಿಕೆಯ ಗಂಟೆಯೋ? ನಾವು ಬಹುಮಟ್ಟಿಗೆ ಅದನ್ನು ಶೋಧನೆಯೆಂದೇ ಕರೆದು ಮುಂದೆ ಹೋಗುತ್ತೇವೆ. ಅಷ್ಟು ಸಲೀಸಾಗಿ ಮುಗಿಯುವ ಮಾತಲ್ಲ ಇದು ಎಂದು ನಮಗೆ ತೋರಿದ್ದು ಒಂದು ಓಟದ ನೆಪದಲ್ಲಿ.

ಸಾತಾರಾದಲ್ಲಿ 2012ರಿಂದ ಗುಡ್ಡದ ಅರ್ಧ ಮ್ಯಾರಥಾನ್ ನಡೆಯುತ್ತಿದೆ. ಸಾತಾರಾ ನಮ್ಮ ಪುಣೆ ಧರ್ಮಕ್ಷೇತ್ರದೊಳಗಿನ ಊರೇ. ನಂದೇಶ್ವರದ ಕಡೆಯಿಂದ ಹೋದವರಿಗೆ ಮಾತ್ರ ಬೇರೆ ದೇಶಕ್ಕೆ ಹೋದಂತೆ ಆಗುತ್ತದೆ. ನಮ್ಮದು ಎರೆಭೂಮಿ, ಜೋಳ ಬೆಳೆಯುವ ಬಯಲುಸೀಮೆ, ಬಿಸಿಲೇ ಬಿಸಿಲು. ಅಲ್ಲಿಯದು ಸಹ್ಯಾದ್ರಿಯ ಮಳೆ, ಮಂಜು. ಓಟ ಊರಿನಿಂದ ಹೊರಟು ಯವತೇಶ್ವರ ಘಾಟ ಹತ್ತುತ್ತದೆ, ಕಾಸ ಪಠಾರದ ದಾರಿಯಲ್ಲಿ ಮೇಲೆ ಹೋಗಿ ತಿರುಗಿ ಅದೇ ದಾರಿಯಲ್ಲಿ ಕೆಳಗಿಳಿಯುತ್ತದೆ. ಒಟ್ಟು 21 ಕಿಲೋಮೀಟರಿಗೆ ಸ್ವಲ್ಪ ಹೆಚ್ಚು. 2015ರಲ್ಲಿ ಈ ಓಟ ಗಿನ್ನೆಸ್ ದಾಖಲೆಗೂ ಸೇರಿತು. ಹೋದ ವರ್ಷ ನಮ್ಮ ಮನೆಗಳ ಮೂವರು ಯುವಕರು ಅಲ್ಲಿ ಓಡಿ ಬಂದರು. ಬಯಲಿನ ಹುಡುಗರಿಗೆ ಅಭ್ಯಾಸಕ್ಕೆ ಏರು ಎಲ್ಲಿಂದ ಬರಬೇಕು? ರಸ್ತೆಯ ಮೇಲಿನ ಒಂದು ಸೇತುವೆಯನ್ನೇ ಹತ್ತಿ ಇಳಿದು, ಹತ್ತಿ ಇಳಿದು ತಯಾರಾಗಿದ್ದರು. ಬೆಳಗಿನ ಹೊತ್ತು ಲಾರಿಯವರು ಹಾರ್ನ್ ಹೊಡೆದು ನಗುತ್ತಿದ್ದರಂತೆ.

ಏರುದಾರಿಯ ಕಷ್ಟ ಬರೀ ಕಾಲಿನದಲ್ಲ ಎಂದು ಮೂವರೂ ಹೇಳಿದರು. ಘಾಟದಲ್ಲಿ ತುದಿ ಕಾಣುವುದಿಲ್ಲ. ಒಂದು ತಿರುವು ಮುಗಿಯಿತು ಎನ್ನುವಷ್ಟರಲ್ಲಿ ಇನ್ನೊಂದು. ಬಯಲಿನಲ್ಲಿ ಕಣ್ಣು ಮೊದಲೇ ಊರು ಮುಟ್ಟಿರುತ್ತದೆ, ಕಾಲು ಆಮೇಲೆ ಹೋಗುತ್ತದೆ. ಇಲ್ಲಿ ಕಣ್ಣಿಗೇ ಆಸರೆಯಿಲ್ಲ. ಆರೇಳು ಕಿಲೋಮೀಟರಿಗೆ ಆ ದನಿ ಶುರುವಾಯಿತಂತೆ. ಇನ್ನೂ ಅರ್ಧವೂ ಆಗಿಲ್ಲ, ಯಾರು ಹೇಳಿದ್ದರು ನಿನಗೆ, ನಿಲ್ಲು. ಇಳಿಜಾರು ಸುಲಭವೆಂದು ನಂಬಿದವರಿಗೆ ಅಲ್ಲೊಂದು ಪಾಠ ಕಾದಿರುತ್ತದೆ. ಇಳಿಯುವಾಗ ತೊಡೆಯ ಸ್ನಾಯುಗಳು ಹಿಗ್ಗುತ್ತಲೇ ಬ್ರೇಕ್ ಹಾಕಬೇಕು. ಅದರಲ್ಲಿ ಸ್ನಾಯುವಿನ ಎಳೆಗಳು ಸಣ್ಣಗೆ ಹರಿಯುತ್ತವೆ. ಮಾರನೆಯ ದಿನ ಮೆಟ್ಟಿಲು ಇಳಿಯಲು ಬಾರದೆ ಒಬ್ಬ ಹಿಮ್ಮುಖವಾಗಿ ಇಳಿದನೆಂದು ಅವನ ಅವ್ವ ನಗುತ್ತ ಹೇಳಿದಳು.

ಆ ದನಿಯ ಬಗ್ಗೆ ವಿಜ್ಞಾನಿಗಳೂ ತಲೆ ಕೆಡಿಸಿಕೊಂಡಿದ್ದಾರೆ. ದಕ್ಷಿಣ ಆಫ್ರಿಕದ ಟಿಮ್ ನೋಕ್ಸ್ ಎಂಬ ವೈದ್ಯರ ವಾದ ಹೀಗಿದೆ: ದೇಹ ನಿಜಕ್ಕೂ ಸೋಲುವ ಮೊದಲೇ ಮೆದುಳು ಅದನ್ನು ಕಾಪಾಡಲು ವೇಗ ತಗ್ಗಿಸುತ್ತದೆ, ದಣಿವೆಂಬುದು ಆ ಕಾವಲಿನ ಭಾಷೆ. ಇಲ್ಲದಿದ್ದರೆ ಕಾಲೇ ಬರುವುದಿಲ್ಲ ಎನ್ನುತ್ತಿದ್ದವನು ಮುಗಿಯುವ ಗೆರೆ ಕಂಡೊಡನೆ ಜೋರಾಗಿ ಓಡುವುದು ಹೇಗೆ? ಇದನ್ನು ಒಪ್ಪದ ವಿಜ್ಞಾನಿಗಳೂ ಇದ್ದಾರೆ. ಸಾಮುಯೆಲೆ ಮಾರ್ಕೋರಾ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಪ್ರಯೋಗ ನಮಗೆ ಇನ್ನೂ ಹತ್ತಿರದ್ದೆನಿಸಿತು. 16 ಜನರನ್ನು ಒಂದು ದಿನ 90 ನಿಮಿಷ ತಲೆಗೆ ಕೆಲಸ ಕೊಡುವ ಪರೀಕ್ಷೆಗೆ ಕೂರಿಸಿದರು, ಇನ್ನೊಂದು ದಿನ ಅಷ್ಟೇ ಹೊತ್ತು ಸುಮ್ಮನೆ ಸಾಕ್ಷ್ಯಚಿತ್ರ ತೋರಿಸಿದರು. ಎರಡೂ ದಿನ ಆಮೇಲೆ ಸೋಲುವವರೆಗೆ ಸೈಕಲ್ ತುಳಿಸಿದರು. ಚಿತ್ರ ನೋಡಿದ ದಿನ ಸರಾಸರಿ 754 ಸೆಕೆಂಡು ತುಳಿದವರು ತಲೆ ದಣಿದ ದಿನ 640 ಸೆಕೆಂಡಿಗೇ ಬಿಟ್ಟರು. ಹೃದಯದಲ್ಲಿ, ಉಸಿರಿನಲ್ಲಿ ಈ ವ್ಯತ್ಯಾಸಕ್ಕೆ ಕಾರಣ ಸಿಗಲಿಲ್ಲ. ಕಷ್ಟ ಹೆಚ್ಚು ಎಂದು ಅನ್ನಿಸಿತ್ತು, ಅಷ್ಟೆ.

ಇದನ್ನು ಓದಿ ‘ನೋಡಿರಿ, ಎಲ್ಲಾ ಮನಸ್ಸಿನಾಟ’ ಎಂದು ಒಬ್ಬ ಹಿರಿಯರು ತೀರ್ಮಾನಿಸಿದರು. ನಾವು ಇನ್ನೊಂದು ಬಗೆಯಲ್ಲಿ ಓದುತ್ತೇವೆ. ದಿನವಿಡೀ ಲೆಕ್ಕ ಬರೆದು, ಸಾಲದವನಿಗೆ ಉತ್ತರ ಕೊಟ್ಟು, ಪರಭಾಷೆಯಲ್ಲಿ ಅರ್ಜಿ ತುಂಬಿ ಮನೆಗೆ ಬಂದವನು ಬೇಗ ಸಾಕೆಂದರೆ ಅದು ಸೋಮಾರಿತನವಲ್ಲ. ಅವನು ಹೊರಡುವ ಮೊದಲೇ ಒಂದು ಘಾಟ ಹತ್ತಿ ಬಂದಿರುತ್ತಾನೆ.

ಸಂತ ಪೌಲರಿಗೆ ಓಟದ ಹೋಲಿಕೆ ಬಲು ಇಷ್ಟ. ಕೊರಿಂಥದವರಿಗೆ ಬರೆದ ಮೊದಲನೇ ಪತ್ರದ 9ನೇ ಅಧ್ಯಾಯದಲ್ಲಿ ಅದನ್ನು ಬಳಸುವಾಗ ಓದುಗರು ಕಂಡದ್ದನ್ನೇ ಅವರು ಹೇಳುತ್ತಿದ್ದರು. ಕೊರಿಂಥದ ಹತ್ತಿರವೇ ಎರಡು ವರ್ಷಕ್ಕೊಮ್ಮೆ ಇಸ್ತಮಿಯದ ಆಟಗಳು ನಡೆಯುತ್ತಿದ್ದವು, ಗೆದ್ದವನಿಗೆ ಸಿಗುತ್ತಿದ್ದದ್ದು ಬಾಡುವ ಎಲೆಯ ಕಿರೀಟ. ದೇಹವನ್ನು ಅಂಕೆಯಲ್ಲಿಟ್ಟುಕೊಳ್ಳುವ ಮಾತೂ ಅಲ್ಲೇ ಬರುತ್ತದೆ. ಈ ಭಾಗವನ್ನಷ್ಟೇ ಹಿಡಿದುಕೊಂಡರೆ ದನಿಯನ್ನು ತುಳಿದು ಓಡುವವನೇ ಭಕ್ತನೆಂದು ಅನ್ನಿಸಬಹುದು.

ಆದರೆ ಸಂತ ಥಾಮಸ್ ಅಕ್ವಿನಾಸರು ಇನ್ನಷ್ಟು ಸೂಕ್ಷ್ಮವಾಗಿ ಯೋಚಿಸಿದರು. 13ನೇ ಶತಮಾನದಲ್ಲಿ ಬರೆದ ತಮ್ಮ ದೈವಶಾಸ್ತ್ರದ ಮಹಾಗ್ರಂಥದಲ್ಲಿ ಧೈರ್ಯದ ಮುಖ್ಯ ಕೆಲಸ ಮೇಲೆ ಬೀಳುವುದಲ್ಲ, ತಾಳಿಕೊಳ್ಳುವುದು ಎಂದರು. ಇದು ಘಾಟ ಹತ್ತಿದವರಿಗೆ ತಟ್ಟನೆ ಅರ್ಥವಾಗುತ್ತದೆ. ಮುಂದುವರಿದು, ಪಟ್ಟು ಬಿಡದೆ ನಿಲ್ಲುವ ಗುಣಕ್ಕೆ ಎರಡು ಕಡೆಯಿಂದ ಕೇಡು ಎನ್ನುತ್ತಾರೆ. ಒಂದು ಮೆತ್ತಗಿನತನ, ಅಂದರೆ ಸ್ವಲ್ಪ ಸುಖ ತಪ್ಪಿದರೂ ಒಳ್ಳೆಯದನ್ನು ಕೈಬಿಡುವುದು. ಇನ್ನೊಂದು ಹಟಮಾರಿತನ, ಬಿಡಬೇಕಾದಾಗಲೂ ಬಿಡದಿರುವುದು. ಎರಡನ್ನೂ ಅವರು ದುರ್ಗುಣವೆಂದೇ ಎಣಿಸಿದರು. ನಮ್ಮಲ್ಲಿ ಮೊದಲನೆಯದನ್ನು ಬಯ್ಯುತ್ತೇವೆ, ಎರಡನೆಯದಕ್ಕೆ ಹಾರ ಹಾಕುತ್ತೇವೆ.

ಆ ಮೂವರಲ್ಲಿ ಇಬ್ಬರು ಓಟ ಮುಗಿಸಿ ಪದಕ ತಂದರು. ಮೂರನೆಯವನು ಇಳಿಯುವಾಗ, ಸುಮಾರು 16ನೇ ಕಿಲೋಮೀಟರಿನಲ್ಲಿ, ತಲೆ ತಿರುಗಿದಂತಾಗಿ ದಾರಿಬದಿಯ ವೈದ್ಯಕೀಯ ಸಹಾಯದವರ ಹತ್ತಿರ ಕೂತುಬಿಟ್ಟ. ಭಾನುವಾರ ಬಲಿಪೂಜೆ ಮುಗಿದ ಮೇಲೆ ಅಂಗಳದಲ್ಲಿ ಪದಕಗಳ ಫೋಟೋ ತೆಗೆದರು. ಅವನನ್ನು ‘ಆಂಬ್ಯುಲೆನ್ಸ್’ ಎಂದು ಕರೆಯಲು ಎಂಟು ದಿನವೂ ಬೇಕಾಗಲಿಲ್ಲ. ಕೆಟ್ಟ ಮನಸ್ಸಿನಿಂದಲ್ಲ, ಕನ್ನಡ ಮರಾಠಿ ಎರಡರಲ್ಲೂ ಚೇಷ್ಟೆ ಮಾಡುವ ವಯಸ್ಸು ಅದು. ಆದರೂ ನಮಗೆ ಕೇಳಬೇಕೆನಿಸುತ್ತದೆ: ಆ ಬೆಳಿಗ್ಗೆ ಹೆಚ್ಚಿನ ಗೋಡೆ ದಾಟಿದವರು ಯಾರು? ಮುಗಿಸಿದವರು ನೋವಿನ ಗೋಡೆ ದಾಟಿದರು. ಇವನು ದಾಟಿದ್ದು ನಾಚಿಕೆಯ ಗೋಡೆ. ಐದೇ ಕಿಲೋಮೀಟರ್ ಉಳಿದಿರುವಾಗ, ಸುತ್ತಲಿನ ಜನ ಚಪ್ಪಾಳೆ ತಟ್ಟಿ ಓಡು ಓಡು ಎನ್ನುವಾಗ ಕೂರುವುದು ಸಣ್ಣ ಕೆಲಸವಲ್ಲ.

ದೇಹದೊಳಗಿನ ಶಾಖ 40 ಡಿಗ್ರಿ ದಾಟಿದರೆ ಓಟಗಾರನಿಗೆ ಜೀವಕ್ಕೇ ಅಪಾಯ, ಆಗ ಮೊದಲು ಮಂಕಾಗುವುದು ಬುದ್ಧಿ. ಅಂಥವನು ನನಗೇನೂ ಆಗಿಲ್ಲ ಎಂದೇ ವಾದಿಸುತ್ತಾನೆ. ಅಂದರೆ ಸಾಕು ಎನ್ನುವ ದನಿಯನ್ನು ಅಳೆಯಬೇಕಾದ ತಕ್ಕಡಿಯೇ ಕೆಟ್ಟಿರುತ್ತದೆ. ಆದ್ದರಿಂದಲೇ ಅಲ್ಲಿಯ ದಾದಿ ಅವನ ಹೆಸರು ಕೇಳಿದಳು, ಊರು ಕೇಳಿದಳು, ಇವತ್ತು ಯಾವ ವಾರ ಎಂದು ಕೇಳಿದಳು. ನಮ್ಮ ಒಳಗಿನ ದನಿ ಯಾರದೆಂದು ತಿಳಿಯಲು ಕೆಲವು ಸಲ ಇನ್ನೊಬ್ಬರ ಕಿವಿ ಬೇಕಾಗುತ್ತದೆ. ಆತ್ಮಸಾಧನೆಯಲ್ಲಿ ಗುರುವೊಬ್ಬರಿರಲಿ ಎಂದು ಧರ್ಮಸಭೆ ಹೇಳುತ್ತ ಬಂದದ್ದಕ್ಕೂ ಇದೇ ಕಾರಣವಿದ್ದೀತು.

ಇನ್ನೊಂದು ಮಾತು. ಗುಡ್ಡ ಎರಡು ಬಗೆಯದು: ನಾವೇ ಹೆಸರು ಕೊಟ್ಟು, ಶುಲ್ಕ ಕಟ್ಟಿ ಹತ್ತುವುದು, ಮತ್ತು ಬಾಳು ತಂದು ಎದುರಿಗಿಡುವುದು. ಸಾತಾರಾ ಜಿಲ್ಲೆಯದೇ ಬರಪೀಡಿತ ಮೋಹಿ ಗ್ರಾಮದ ಲಲಿತಾ ಬಾಬರ್ 2016ರ ರಿಯೋ ಒಲಿಂಪಿಕ್ಸ್‌ನಲ್ಲಿ 3000 ಮೀಟರ್ ಸ್ಟೀಪಲ್‌ಚೇಸ್ ಫೈನಲ್ ತಲುಪಿ ಹತ್ತನೆಯವರಾದರು. 1984ರಲ್ಲಿ ಪಿ. ಟಿ. ಉಷಾ ಓಡಿದ ಮೇಲೆ ಭಾರತದ ಹೆಣ್ಣುಮಗಳೊಬ್ಬಳು ಒಲಿಂಪಿಕ್ಸ್ ಓಟದ ವೈಯಕ್ತಿಕ ಫೈನಲ್ಲಿಗೆ ಬಂದದ್ದು ಆಗಲೇ. ಅವರು ಎರಡೂ ಬಗೆಯ ಗುಡ್ಡ ಕಂಡವರು. ಆದರೆ ಕಬ್ಬು ಕಡಿಯುವ ಹೆಂಗಸು ತಲೆಯ ಮೇಲೆ ಕಟ್ಟು ಹೊತ್ತು ಲಾರಿಯ ಹಲಗೆ ಹತ್ತುವಾಗ ಅವಳ ಎದುರು ಇರುವುದು ಮನಸ್ಸಿನ ಗೋಡೆಯಲ್ಲ. ಅದು ಕೂಲಿಯ ದರ, ಮುಂಗಡದ ಸಾಲ. ಅವಳಿಗೆ ಮನಸ್ಸಿದ್ದರೆ ಮಾರ್ಗ ಎಂದು ಉಪದೇಶಿಸಿದರೆ ತಪ್ಪು ಅವಳದೇ ಎಂದಂತಾಯಿತು. ಖಿನ್ನತೆಯಿಂದ ಹಾಸಿಗೆ ಬಿಟ್ಟೇಳದವರಿಗೂ, ಕುಡಿದು ಹೊಡೆಯುವ ಗಂಡನ ಜೊತೆ ಇರುವವಳಿಗೂ ಓಟದ ಭಾಷೆಯಲ್ಲಿ ಸಾಂತ್ವನ ಹೇಳುವುದನ್ನು ನಾವು ಕೇಳಿದ್ದೇವೆ. ತಾಳಿಕೋ, ದಾಟುತ್ತೀ ಎಂದು. ಆಕೆ ಸಾಕು ಎಂದರೆ ಅದನ್ನು ಶೋಧನೆ ಎನ್ನುವ ಹಕ್ಕು ನಮಗಿಲ್ಲ.

ಪ್ರವಾದಿ ಎಲೀಯರೂ ಓಟಗಾರರೇ. ಅರಸುಗಳ ಮೊದಲನೇ ಗ್ರಂಥದಲ್ಲಿ ಅವರು ಅಹಾಬನ ರಥದ ಮುಂದೆ ಜೆಜ್ರೀಲಿನವರೆಗೆ ಓಡುತ್ತಾರೆ. ಅದರ ಮರು ಅಧ್ಯಾಯದಲ್ಲೇ ಮರುಭೂಮಿಯ ಗಿಡವೊಂದರ ಕೆಳಗೆ ಕೂತು ತನಗೆ ಬಾಳು ಸಾಕೆಂದು ದೇವರಿಗೆ ಹೇಳಿ ಮಲಗಿಬಿಡುತ್ತಾರೆ. ದೇವದೂತ ಬಂದು ಗದರಿಸಲಿಲ್ಲ, ಮನೋಬಲದ ಭಾಷಣ ಮಾಡಲಿಲ್ಲ. ಬಿಸಿ ರೊಟ್ಟಿ, ಒಂದು ತಂಬಿಗೆ ನೀರು. ತಿಂದು ಮತ್ತೆ ಮಲಗಿದಾಗಲೂ ಬಿಟ್ಟ. ಎರಡನೇ ಸಲ ಎಬ್ಬಿಸಿ ಮತ್ತೆ ಉಣ್ಣಲು ಹೇಳಿದ. ಹೋರೇಬ್ ಬೆಟ್ಟದವರೆಗಿನ ನಲವತ್ತು ದಿನದ ನಡಿಗೆ ಶುರುವಾಗುವುದು ಆಮೇಲೆ. ಪ್ರವಾದಿ ಸಾಕು ಎಂದದ್ದು ಸುಳ್ಳಲ್ಲ, ದಾರಿ ಮುಗಿಯಿತೆಂಬುದಷ್ಟೇ ನಿಜವಾಗಿರಲಿಲ್ಲ.

ಈ ವರ್ಷವೂ ಮೂವರೂ ಸಾತಾರಾಕ್ಕೆ ಹೊರಟಿದ್ದಾರೆ. ಡಾಕ್ಟರಿಗೆ ತೋರಿಸಿಕೊಂಡೇ ಹೆಸರು ಕೊಡಿ ಎಂದು ಗುರುಗಳು ಹೇಳಿದ್ದಾರೆ, ಅದು ಆಗಿದೆ. ಮೇಲೆ ತಿರುಗುವ ಜಾಗದಲ್ಲಿ ಒಬ್ಬರಿಗೊಬ್ಬರು ಊರು, ವಾರ, ಮನೆಯವರ ಹೆಸರು ಕೇಳಿಕೊಳ್ಳುವುದು, ತಡವರಿಸಿದವನ ಜೊತೆ ಉಳಿದವರೂ ಕೂರುವುದು ಎಂದು ಮಾತಾಗಿದೆ. ಹಾಗೆ ಕೂತರೆ ಟೈಮ್ ಹೋಗುತ್ತದಲ್ಲ ಎಂದು ಒಬ್ಬನ ತಕರಾರು. ಹೋಗಲಿ ಬಿಡೋ ಎಂದು ಇಬ್ಬರು ಹೇಳಿದ್ದಾರೆ. ಅವನು ಇನ್ನೂ ಒಪ್ಪಿಲ್ಲ.