ದೇಶವ್ರತ ಮತ್ತು ನಗರದ ಧಾವಂತ

ನಗರದಲ್ಲಿ ನೆಲೆಸಿರುವ ನಮ್ಮ ಶ್ರಾವಕ ಮನೆಗಳಲ್ಲಿ ವ್ರತನಿಯಮಗಳ ಮಾತು ಬಂದಾಗಲೆಲ್ಲ ಕೇಳಿಬರುವ ಉತ್ತರ ಒಂದೇ: "ಶ್ರದ್ಧೆ ಇಲ್ಲವೆಂದಲ್ಲ, ಪುರಸೊತ್ತಿಲ್ಲ." ಇದನ್ನು ಬರಿಯ ನೆಪವೆಂದು ತಳ್ಳಿಹಾಕುವುದು ಸುಲಭ, ಆದರೆ ನ್ಯಾಯವಲ್ಲ. ಬೆಂಗಳೂರಿನಲ್ಲಿ ನವೆಂಬರ್ ತಿಂಗಳ ಕೊನೆಗೆ ಸೂರ್ಯನು ಸಂಜೆ 5-50ರ ಸುಮಾರಿಗೆ ಅಸ್ತಮಿಸುತ್ತಾನೆ. ಹಗಲು ದೀರ್ಘವಾಗಿರುವ ಜುಲೈ ಮೊದಲಿನ ದಿನಗಳಲ್ಲಿಯೂ 6-50ರ ಸುಮಾರಿಗೆ ಕತ್ತಲಾಗತೊಡಗುತ್ತದೆ. ಆರು ಗಂಟೆಗೆ ಕಚೇರಿ ಬಿಟ್ಟು, ವಾಹನಗಳ ಸಾಲಿನಲ್ಲಿ ಒಂದೂವರೆ ಗಂಟೆ ಕಳೆದು ಮನೆ ಸೇರುವವನು ರಾತ್ರಿಭೋಜನತ್ಯಾಗವೊಂದನ್ನು ಪಾಲಿಸಹೊರಟರೂ ದಿನದಿನವೂ ಗಡಿಯಾರದೊಡನೆ ಹೋರಾಡಬೇಕಾಗುತ್ತದೆ.

ಆದ್ದರಿಂದಲೇ ಈಚೆಗೆ ಎಲ್ಲೆಡೆಯೂ ಬಾಳಿನ ವೇಗವನ್ನು ತಗ್ಗಿಸಬೇಕೆಂಬ ಮಾತು ಕೇಳಿಬರುತ್ತಿದೆ. ಇದು ಪರದೇಶಗಳಲ್ಲಿಯೂ ಹುಟ್ಟಿದ ವಿಚಾರವೇ. ಇಟಲಿ ದೇಶದಲ್ಲಿ ಅವಸರದ ಆಹಾರಕ್ಕೆ ಪ್ರತಿಯಾಗಿ 1980ರ ದಶಕದಲ್ಲಿ ಒಂದು ಚಳವಳಿ ಮೊದಲಾಯಿತು. 1999ರಲ್ಲಿ ಅಲ್ಲಿನ ಕೆಲವು ಪಟ್ಟಣಗಳು ತಾವು ನಿಧಾನವಾಗಿ ಬಾಳುವ ಊರುಗಳೆಂದು ಒಂದುಗೂಡಿ ಕೂಟವೊಂದನ್ನು ಕಟ್ಟಿಕೊಂಡವು. ಆದರೆ ಐವತ್ತು ಸಾವಿರಕ್ಕಿಂತ ಕಡಿಮೆ ಜನಸಂಖ್ಯೆಯುಳ್ಳ ಊರುಗಳಿಗೆ ಮಾತ್ರವೇ ಅದರಲ್ಲಿ ಪೂರ್ಣ ಸದಸ್ಯತ್ವ. 2011ರ ಜನಗಣತಿಯಲ್ಲಿಯೇ ಎಂಬತ್ತು ಲಕ್ಷವನ್ನು ಮೀರಿದ ನಮ್ಮ ಬೆಂಗಳೂರಿಗೆ ಆ ದಾರಿಯಿಲ್ಲ. ಊರು ನಿಧಾನವಾಗಲಿ ಎಂದು ನಾವು ಕಾಯುತ್ತ ಕುಳಿತರೆ ಆಯುಷ್ಯವೇ ತೀರೀತು. ಓಡುವ ಊರಿನ ನಡುವೆ ಒಂದು ಮನೆ, ಒಬ್ಬ ಗೃಹಸ್ಥ, ಹೇಗೆ ನಿಲ್ಲಬೇಕು ಎಂಬುದೇ ನಮ್ಮ ಮುಂದಿರುವ ಪ್ರಶ್ನೆ.

ಇಲ್ಲಿ ಮೊದಲು ವಿಚಾರಿಸಬೇಕಾದ ಸಂಗತಿಯೊಂದಿದೆ. ನಿಧಾನವು ತಾನೇ ಒಂದು ಧರ್ಮವೇ? ಮೆಲ್ಲಗೆ ನಡೆಯುವವನೆಲ್ಲ ಧರ್ಮಾತ್ಮನೂ ವೇಗವಾಗಿ ನಡೆಯುವವನೆಲ್ಲ ಪಾಪಿಯೂ ಆಗುವನೇ? ನಮ್ಮ ಆಚಾರ್ಯರು ಹಾಗೆ ಹೇಳಿಲ್ಲ. ಮುನಿಗಳು ನಾಲ್ಕು ಮೊಳದಷ್ಟು ಮುಂದಿನ ನೆಲವನ್ನು ನೋಡುತ್ತ ಹಗಲಿನಲ್ಲಿ ನಡೆಯುವುದು ಈರ್ಯಾಸಮಿತಿ. ಅಲ್ಲಿ ನಡಿಗೆ ನಿಧಾನವಾಗುವುದು ನೋಟಕ್ಕಾಗಿಯೇ ಹೊರತು ಸುಖಕ್ಕಾಗಿ ಅಲ್ಲ. ಜೀವಿ ಸಾಯಲಿ, ಬದುಕಲಿ, ಯತ್ನಾಚಾರವಿಲ್ಲದವನಿಗೆ ಹಿಂಸೆಯ ದೋಷ ನಿಶ್ಚಿತವೆಂದೂ ಸಮಿತಿಯುಳ್ಳವನಿಗೆ ಕೇವಲ ಬಾಹ್ಯ ಹಿಂಸೆಯಿಂದ ಬಂಧವಿಲ್ಲವೆಂದೂ ಕುಂದಕುಂದಾಚಾರ್ಯರು ಪ್ರವಚನಸಾರದಲ್ಲಿ ತಿಳಿಸಿದ್ದಾರೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವೂ ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಮಾದವನ್ನೇ ಮುಂದಿಡುತ್ತದೆ. ಧಾವಂತವು ಪಾಪವಾಗುವುದು ಅದು ಕಾಲನ್ನು ಚುರುಕಾಗಿಸುವುದರಿಂದಲ್ಲ, ಕಣ್ಣನ್ನು ಕುರುಡಾಗಿಸುವುದರಿಂದ. ಕಣ್ಣುಮುಚ್ಚಿ ಕುಳಿತಿರುವ ಸೋಮಾರಿತನವೂ ಅಷ್ಟೇ ಪ್ರಮಾದ. ಉಪವಾಸದ ದಿನ ಆರಂಭಾದಿಗಳನ್ನು ಬಿಡಬೇಕೆಂದು ವಿಧಿಸಿದ ಸಮಂತಭದ್ರಾಚಾರ್ಯರು, ಅದರ ಬೆನ್ನಲ್ಲೇ ಉಪವಾಸಿಯು ತೂಕಡಿಸದೆ ಜ್ಞಾನಧ್ಯಾನಗಳಲ್ಲಿ ತೊಡಗಿರಬೇಕೆಂದೂ ಎಚ್ಚರಿಸಿದ್ದಾರೆ.

ಗೃಹಸ್ಥನ ಓಡಾಟಕ್ಕೆ ಕಡಿವಾಣ ಹಾಕುವ ವ್ರತಗಳು ನಮ್ಮಲ್ಲಿ ಎರಡಿವೆ. ಹತ್ತು ದಿಕ್ಕುಗಳಲ್ಲಿಯೂ ಇಷ್ಟು ದೂರವನ್ನು ಮೀರಿ ಹೋಗೆನೆಂದು ಬಾಳಿನುದ್ದಕ್ಕೂ ಗಡಿ ಹಾಕಿಕೊಳ್ಳುವುದು ದಿಗ್ವ್ರತ. ಆ ದೊಡ್ಡ ಗಡಿಯೊಳಗೆ ನಿಯತವಾದ ಕಾಲಕ್ಕೆ ಚಿಕ್ಕ ಗಡಿಯನ್ನು ಹಾಕಿಕೊಳ್ಳುವುದು ದೇಶವ್ರತ. ರತ್ನಕರಂಡಕ ಶ್ರಾವಕಾಚಾರದಲ್ಲಿ ಇದರ ಹೆಸರು ದೇಶಾವಕಾಶಿಕ. ಮನೆ, ಊರು, ಹೊಲ, ನದಿ ಇವುಗಳನ್ನು ಎಲ್ಲೆಯಾಗಿ ಇಟ್ಟುಕೊಳ್ಳಬಹುದು. ವರ್ಷ, ಮಾಸ, ಪಕ್ಷ ಮೊದಲಾಗಿ ಕಾಲವನ್ನು ಗೊತ್ತುಮಾಡಿಕೊಳ್ಳಬಹುದು. ಈ ವ್ರತದ ಫಲವಾಗಿ ಆಚಾರ್ಯರು ಹೇಳಿರುವ ಮಾತು ಬಹಳ ಗಂಭೀರವಾದುದು. ಎಲ್ಲೆಯಿಂದಾಚೆಗೆ ಸ್ಥೂಲ ಸೂಕ್ಷ್ಮ ಪಾಪಗಳೆರಡೂ ನಿಂತುಹೋಗುವುದರಿಂದ, ಆ ಪ್ರದೇಶದ ಮಟ್ಟಿಗೆ ಅಣುವ್ರತಿಯಾದ ಗೃಹಸ್ಥನು ಮಹಾವ್ರತಿಗೆ ಸಮಾನನಾಗುತ್ತಾನೆ. ಮನೆಯಲ್ಲಿ ಸುಮ್ಮನೆ ಕುಳಿತ ಸಾಮಾನ್ಯನಿಗೆ ಗಡಿಯಾಚೆಯ ಅಸಂಖ್ಯಾತ ಜೀವಿಗಳ ವಿಷಯದಲ್ಲಿ ಇಷ್ಟು ದೊಡ್ಡ ಪದವಿ! ನಗರವಾಸಿಗೆ ಇದಕ್ಕಿಂತ ಅನುಕೂಲವಾದ ವ್ರತ ಬೇರೊಂದಿಲ್ಲವೆಂದು ನಾನು ಬಹುಕಾಲ ನಂಬಿದ್ದೆ. ಆ ನಂಬಿಕೆಯನ್ನು ಪರೀಕ್ಷೆಗೆ ಒಡ್ಡಿದ ಪ್ರಸಂಗವೊಂದು ನಮ್ಮ ಮನೆಯಲ್ಲಿಯೇ ನಡೆಯಿತು.

ದಶಲಕ್ಷಣ ಪರ್ವದ ಕೊನೆಯ ದಿನ, ಅನಂತ ಚತುರ್ದಶಿ. ನಾನೂ ನನ್ನ ಮನೆಯವರೂ ಉಪವಾಸವಿದ್ದು, ಅಂದಿನ ಮಟ್ಟಿಗೆ ಮನೆ ಮತ್ತು ಬಸದಿಯ ಬೀದಿ ಇಷ್ಟನ್ನೇ ಎಲ್ಲೆಯಾಗಿ ಇಟ್ಟುಕೊಂಡಿದ್ದೆವು. ಸಂಜೆಯಾಗುವ ಹೊತ್ತಿಗೆ, ಮರುದಿನದ ಪಾರಣೆಗೆ ಹೆಸರುಬೇಳೆಯೂ ಬೆಲ್ಲವೂ ಇಲ್ಲವೆಂಬುದು ನೆನಪಾಯಿತು. "ನೀವು ಹೊರಗೆ ಹೋಗುವುದು ಬೇಡ ಅಜ್ಜ, ಹತ್ತೇ ನಿಮಿಷದಲ್ಲಿ ಬರುತ್ತೆ" ಎಂದು ಮೊಮ್ಮಗ ಮೊಬೈಲಿನಲ್ಲಿ ತರಿಸಲು ಹೇಳಿದ. ನಾನು ಒಪ್ಪಿ ಸಾಮಾಯಿಕಕ್ಕೆ ಕುಳಿತೆ. ಹೊರಗೆ ಜೋರಾಗಿ ಮಳೆ ಹಿಡಿದಿತ್ತು. ಒಳಗೆ ಎಷ್ಟು ಶಾಂತವಾಗಿದೆ, ಊರೆಲ್ಲ ಓಡುತ್ತಿರುವಾಗ ನಾವು ನಿಂತಿದ್ದೇವಲ್ಲ ಎಂಬ ಸಂತೋಷವೂ ಮನಸ್ಸಿನ ಮೂಲೆಯಲ್ಲಿ ಇತ್ತು. ಸಾಮಾಯಿಕ ಮುಗಿಸಿ ಏಳುವಾಗ ಬಾಗಿಲ ಗಂಟೆ ಬಾರಿಸಿತು. ಇಪ್ಪತ್ತು ಇಪ್ಪತ್ತೆರಡರ ಹುಡುಗ, ತೊಯ್ದು ತೊಪ್ಪೆಯಾಗಿದ್ದ. ಮೊಣಕೈ ತರಚಿ ರಕ್ತ ಜಿನುಗುತ್ತಿತ್ತು. ತಿರುವಿನಲ್ಲಿ ಗಾಡಿ ಜಾರಿತಂತೆ. "ಲೇಟಾಯ್ತು ತಾತ, ಬೇಜಾರು ಮಾಡ್ಕೋಬೇಡಿ. ಕಂಪ್ಲೇಂಟ್ ಹಾಕ್ಬೇಡಿ" ಎಂದ. ನೋವನ್ನು ಕುರಿತು ಒಂದು ಮಾತಿಲ್ಲ. ಗಾಯವನ್ನು ತೊಳೆದು ಬಟ್ಟೆ ಕಟ್ಟುವಷ್ಟರಲ್ಲಿ ಅವನ ಮೊಬೈಲು ಎರಡು ಬಾರಿ ಕೂಗಿತು. ನೀರು ಕುಡಿದು ಮತ್ತೆ ಮಳೆಯಲ್ಲಿ ಹೊರಟುಹೋದ.

ಅಂದು ರಾತ್ರಿ ನನಗೆ ನಿದ್ರೆ ಹತ್ತಲಿಲ್ಲ. ನನ್ನ ಕಾಲು ಎಲ್ಲೆಯನ್ನು ದಾಟಿರಲಿಲ್ಲ. ನನ್ನ ಇಚ್ಛೆ ದಾಟಿತ್ತು. ಅದು ಬೇರೊಬ್ಬರ ಮಗನ ಗಾಡಿಯನ್ನೇರಿ ಮಳೆಯಲ್ಲಿ ಓಡಿ ಬಂದಿತ್ತು.

ಬೆಳಗ್ಗೆ ಎದ್ದು ಶಾಸ್ತ್ರವನ್ನು ತೆರೆದೆ. ಹಿಂದೆ ಹಲವು ಬಾರಿ ಓದಿದ್ದ ಪಾಠವೇ. ದೇಶವ್ರತದ ಅತಿಚಾರಗಳು ಐದು. ಎಲ್ಲೆಯ ಹೊರಗಿನಿಂದ ವಸ್ತುವನ್ನು ತರಿಸುವುದು ಆನಯನ. ಎಲ್ಲೆಯ ಹೊರಗೆ ಆಳನ್ನು ಕಳುಹಿಸಿ ಕೆಲಸ ಮಾಡಿಸುವುದು ಪ್ರೇಷ್ಯಪ್ರಯೋಗ. ಕೆಮ್ಮು ಮೊದಲಾದ ಧ್ವನಿಯಿಂದ ಹೊರಗಿನವನಿಗೆ ಸೂಚನೆ ಕೊಡುವುದು ಶಬ್ದಾನುಪಾತ. ತನ್ನ ರೂಪವನ್ನು ತೋರಿಸಿ ಸನ್ನೆ ಮಾಡುವುದು ರೂಪಾನುಪಾತ. ಕಲ್ಲು ಮಣ್ಣಿನ ಹೆಂಟೆಯನ್ನೆಸೆದು ಗಮನ ಸೆಳೆಯುವುದು ಪುದ್ಗಲಕ್ಷೇಪ. ಎಳೆಯರಾಗಿದ್ದಾಗ ಈ ಪಟ್ಟಿಯನ್ನು ಬಾಯಿಪಾಠ ಮಾಡುತ್ತ ನಾವು ನಗುತ್ತಿದ್ದೆವು; ಗೆರೆಯೊಳಗೆ ನಿಂತು ಕೆಮ್ಮಿ ಆಳನ್ನು ಕರೆಯುವ ಶ್ರಾವಕನ ಚಿತ್ರ ಹಾಸ್ಯವಾಗಿ ಕಾಣುತ್ತಿತ್ತು. ಇಂದು ಅವನೇ ನಮ್ಮ ಮನೆಮನೆಗಳಲ್ಲಿ ಕುಳಿತಿದ್ದಾನೆ. ಕೆಮ್ಮುವ ಬದಲು ಮೊಬೈಲನ್ನು ಒತ್ತುತ್ತಾನೆ, ಅಷ್ಟೇ ವ್ಯತ್ಯಾಸ. ಆಚಾರ್ಯರು ಮೊಬೈಲನ್ನು ಕಂಡವರಲ್ಲ. ಆದರೆ ಮನುಷ್ಯನ ಮನಸ್ಸನ್ನು ಕಂಡಿದ್ದರು. ತಾನು ನಿಂತು ಇನ್ನೊಬ್ಬನನ್ನು ಓಡಿಸುವ ಚಾತುರ್ಯ ಅದಕ್ಕೆ ಹುಟ್ಟುಗುಣವೆಂಬುದನ್ನು ಅವರು ಬಲ್ಲರು.

ಇದೇ ಮಾತು ಅನರ್ಥದಂಡದ ಪ್ರಕರಣದಲ್ಲಿಯೂ ಬಂದಿದೆ. ಪ್ರಯೋಜನವಿಲ್ಲದೆ ನೆಲವನ್ನು ಅಗೆಯುವುದು, ನೀರು, ಬೆಂಕಿ, ಗಾಳಿಗಳನ್ನು ವ್ಯರ್ಥವಾಗಿ ಬಳಸುವುದು, ಗಿಡಗಳನ್ನು ಕಡಿಯುವುದು, ಇವುಗಳ ಜೊತೆಗೆ ತಾನು ಸುಮ್ಮನೆ ಅಲೆಯುವುದನ್ನೂ ಇತರರನ್ನು ಅಲೆಸುವುದನ್ನೂ ಸೇರಿಸಿ ಸಮಂತಭದ್ರರು ಪ್ರಮಾದಚರ್ಯೆ ಎಂದಿದ್ದಾರೆ. ಕೃತ, ಕಾರಿತ, ಅನುಮೋದಿತಗಳೆಂಬ ಮೂರು ಬಾಗಿಲುಗಳಲ್ಲಿಯೂ ಕರ್ಮಾಸ್ರವವಾಗುತ್ತದೆಂಬುದು ನಮ್ಮ ಮಕ್ಕಳಿಗೂ ಗೊತ್ತು. ಹೀಗಿರುವಾಗ, ಇತರರ ಧಾವಂತದ ಮೇಲೆ ಕಟ್ಟಿದ ನಮ್ಮ ನಿಧಾನವನ್ನು ವ್ರತವೆಂದು ಕರೆಯುವುದು ಹೇಗೆ? ಅದು ಸೌಕರ್ಯವಾದೀತು, ಸಂಯಮವಾಗಲಾರದು.

ಇದಕ್ಕೆ ಒಂದು ಆಕ್ಷೇಪವಿದೆ. ಮೊಮ್ಮಗನೇ ಅದನ್ನು ಎತ್ತಿದ. ಎಲ್ಲರೂ ಹೀಗೆ ತರಿಸುವುದನ್ನು ಬಿಟ್ಟರೆ ಆ ಹುಡುಗನ ಹೊಟ್ಟೆಪಾಡೇನು? ಮಾತು ತೂಕವಾದುದು, ಹಾರಿಸಿಬಿಡುವಂಥದಲ್ಲ. ಸಾವಿರಾರು ಯುವಕರು ಈ ಕೆಲಸದಿಂದ ಬದುಕುತ್ತಿದ್ದಾರೆ. ಅವರ ಸಾಮಾಜಿಕ ಭದ್ರತೆಗಾಗಿ 2025ರಲ್ಲಿ ಕರ್ನಾಟಕ ಸರಕಾರವು ಪ್ರತ್ಯೇಕ ಕಾನೂನನ್ನೇ ಮಾಡಿದೆ. ನನಗೆ ತೋರುವ ಉತ್ತರವಿಷ್ಟು: ಅವನಿಗೆ ಅನ್ನ ಕೊಡುವುದು ಅವನು ತರುವ ಪದಾರ್ಥ; ಅವನನ್ನು ಬೀಳಿಸುವುದು ನಾವು ಬಯಸುವ ಅವಸರ. ಇವೆರಡನ್ನು ಬೇರ್ಪಡಿಸಲು ಸಾಧ್ಯವಿದೆ. ನಾಳೆಗೆ ಬೇಕಾದುದನ್ನು ಇಂದೇ ನೆನೆದು, ಮರುದಿನ ಬಂದರೂ ಸಾಕೆಂದು ತರಿಸಿದರೆ ಅವನ ಸಂಪಾದನೆಗೆ ನಮ್ಮಿಂದ ಕುಂದಿಲ್ಲ. ಬೆಲ್ಲಕ್ಕಾಗಿ ಒಬ್ಬನನ್ನು ಮಳೆಯಲ್ಲಿ ಓಡಿಸುವ ಅಗತ್ಯ ನಮ್ಮ ಮನೆಯಲ್ಲಿ ಹುಟ್ಟಿದ್ದು ಬಡತನದಿಂದಲ್ಲ, ಮರೆವಿನಿಂದ. ಪ್ರೋಷಧೋಪವಾಸದ ಅತಿಚಾರಗಳಲ್ಲಿ ಅನಾದರದೊಡನೆ ಅಸ್ಮರಣವನ್ನೂ ಎಣಿಸಿರುವುದು ಇಲ್ಲಿ ನೆನಪಿಗೆ ಬರುತ್ತದೆ. ವ್ರತದ ದಿನ ಏನು ಮಾಡಬೇಕೆಂಬುದನ್ನು ಮರೆಯುವುದೂ ಒಂದು ದೋಷವೇ.

ಇನ್ನೊಂದು ಸಂಗತಿಯನ್ನು ಹೇಳದೆ ಇದ್ದರೆ ಈ ಲೇಖನ ಅಪ್ರಾಮಾಣಿಕವಾಗುತ್ತದೆ. ಓಡಿಸಲ್ಪಡುವವರು ಬೀದಿಯಲ್ಲಿ ಮಾತ್ರ ಇಲ್ಲ, ನಮ್ಮ ಅಡಿಗೆಮನೆಯಲ್ಲಿಯೂ ಇದ್ದಾರೆ. ಸೂರ್ಯಾಸ್ತಕ್ಕೆ ಮುಂಚೆ ಉಣ್ಣಬೇಕೆಂಬ ನಿಯಮವನ್ನು ಹಿಡಿದವನು ಗೃಹಸ್ಥ. ಆ ನಿಯಮಕ್ಕಾಗಿ ನೀರು ಸೋಸಿ, ಒಲೆ ಹೊತ್ತಿಸಿ, ನಾಲ್ಕೂವರೆಗೇ ಅಡಿಗೆಗೆ ಕೈಹಚ್ಚಬೇಕಾದವಳು ಗೃಹಿಣಿ. ಅವಳೂ ಕಚೇರಿಗೆ ಹೋಗುವವಳಾದರೆ ಬೆಳಗಿನ ನಾಲ್ಕಕ್ಕೇ ಎದ್ದು ಎರಡು ಹೊತ್ತಿನದನ್ನೂ ಮಾಡಿಟ್ಟು ಓಡಬೇಕು. ನಮ್ಮ ಸೊಸೆ ಒಮ್ಮೆಯೂ ಗೊಣಗಿದವಳಲ್ಲ. ಆದರೆ ಆ ಹುಡುಗ ಬಂದುಹೋದ ಮೇಲೆ ನಾನು ಅವಳ ನಡಿಗೆಯನ್ನು ಗಮನಿಸಿದೆ. ಬೆಳಗ್ಗೆ ನಾನು ಜಪಮಾಲೆ ಹಿಡಿದು ಕುಳಿತಿರುವಾಗ ಅವಳು ಅಡಿಗೆಮನೆಗೂ ಬಾಗಿಲಿಗೂ ನಡುವೆ ಓಡುತ್ತಿದ್ದಳು. ಒಂದೇ ಮನೆಯಲ್ಲಿ ಒಬ್ಬರ ಸಾಮಾಯಿಕ, ಇನ್ನೊಬ್ಬರ ಧಾವಂತ! ಎರಡು ಘಳಿಗೆ, ಎಂದರೆ ನಲವತ್ತೆಂಟು ನಿಮಿಷಗಳ ಶಾಂತಿ ಅವಳಿಗೆ ಬೇಡವೇ? ಅವಳೂ ಶ್ರಾವಿಕೆಯಲ್ಲವೇ?

ಆದುದರಿಂದ ನಮ್ಮ ಮನೆಯಲ್ಲಿ ಕೆಲವು ಸಣ್ಣ ನಿಯಮಗಳನ್ನು ಮಾಡಿಕೊಂಡಿದ್ದೇವೆ. ಯಮವು ಯಾವಜ್ಜೀವದ್ದು, ನಿಯಮವು ಗೊತ್ತಾದ ಕಾಲದ್ದು ಎಂಬ ಭೇದವನ್ನು ಆಚಾರ್ಯರು ಕರುಣೆಯಿಂದಲೇ ಮಾಡಿದ್ದಾರೆ; ಶಕ್ತಿಯಿದ್ದಷ್ಟೇ ಹಿಡಿಯಬಹುದು. ಅಷ್ಟಮಿ ಚತುರ್ದಶಿಗಳ ಹಿಂದಿನ ದಿನ ನಾನೇ ಚೀಲ ಹಿಡಿದು ನಡೆದುಹೋಗಿ ಬೇಕಾದುದನ್ನು ತರುತ್ತೇನೆ. ಪರ್ವದಿನಗಳಲ್ಲಿ ಹೊರಗಿನಿಂದ ಏನನ್ನೂ ತರಿಸುವುದಿಲ್ಲ; ಮನೆಯಲ್ಲಿ ಇಲ್ಲದುದು ಅಂದಿಗೆ ಇಲ್ಲವೆಂದೇ ಲೆಕ್ಕ. ಅಂದು ಅಡಿಗೆ ಒಂದೇ ಪದಾರ್ಥದ್ದು. ಸೋಸುವುದು, ಹೆಚ್ಚುವುದು, ತೊಳೆಯುವುದು ಗಂಡಸರ ಪಾಲು. ಸೊಸೆ ಸಂಜೆ ಬಸದಿಗೆ ಹೋಗಿಬರುತ್ತಾಳೆ. ಮೊಮ್ಮಗ ಭಾನುವಾರ ಒಂದು ಹೊತ್ತು ಮೊಬೈಲನ್ನು ಕಪಾಟಿನಲ್ಲಿಟ್ಟು ತನ್ನ ಎಲ್ಲೆಯನ್ನು ತಾನೇ ಹೇಳಿಕೊಳ್ಳುತ್ತಾನೆ. ಕೆಲವೊಮ್ಮೆ ತಪ್ಪುತ್ತಾನೆ, ಪ್ರತಿಕ್ರಮಣವಿರುವುದು ಅದಕ್ಕಾಗಿಯೇ.

ಇದರಿಂದ ಬೆಂಗಳೂರಿನ ವೇಗ ಒಂದಿಷ್ಟೂ ತಗ್ಗಿಲ್ಲ. ನಮ್ಮ ನಿಯಮಗಳೂ ಪೂರ್ಣವೆಂದು ಹೇಳಲಾರೆ. ಕಚೇರಿಗೆ ಹೋಗುವ ಮಗ ಇಂದಿಗೂ ಚಳಿಗಾಲದ ಎಷ್ಟೋ ಸಂಜೆಗಳಲ್ಲಿ ಬರಿಹೊಟ್ಟೆಯಲ್ಲಿಯೇ ಮಲಗುತ್ತಾನೆ. ವ್ರತವು ಕಷ್ಟವನ್ನು ಇಲ್ಲವಾಗಿಸುವುದಿಲ್ಲ. ಆ ಕಷ್ಟವನ್ನು ಹೊರುವವರು ಯಾರು ಎಂಬುದನ್ನು ಅದು ನಮಗೆ ತೋರಿಸಿಕೊಡಬೇಕು. ನಾನು ಹಿಡಿದ ನಿಯಮದ ಭಾರ ನನ್ನ ಹೆಗಲ ಮೇಲಿದ್ದರೆ ಅದು ತಪಸ್ಸು. ಹೇಳದೆ ಕೇಳದೆ ಇನ್ನೊಬ್ಬರ ಹೆಗಲಿಗೆ ಜಾರಿದ್ದರೆ ಅದು ತಪಸ್ಸಿನ ವೇಷ.

ಬೆಳ್ಗೊಳದ ಬೆಟ್ಟದ ಮೇಲೆ ನಿಂತಿರುವ ಬಾಹುಬಲಿಸ್ವಾಮಿಯನ್ನು ನಾವೆಲ್ಲ ಕಂಡಿದ್ದೇವೆ. ವರ್ಷಕಾಲ ಅಲುಗದೆ ನಿಂತ ಆ ಮಹಾತ್ಮನಿಗೂ ಭರತನ ವಿಷಯದಲ್ಲಿ ಮನಸ್ಸಿನೊಳಗೆ ಉಳಿದಿದ್ದ ಒಂದು ಸಣ್ಣ ಶಲ್ಯ ಕರಗುವವರೆಗೆ ಕೇವಲಜ್ಞಾನವಾಗಲಿಲ್ಲವೆಂದು ಪುರಾಣ ಹೇಳುತ್ತದೆ. ಹಾಗಿರುವಾಗ ಒಂದು ದಿನ ಮನೆಯಲ್ಲಿ ನಿಲ್ಲುವ ನಾವು ನಮ್ಮ ನಿಲುವನ್ನು ಕಂಡು ಹಿಗ್ಗುವುದಕ್ಕೆ ಏನಿದೆ? ಧರ್ಮಬಂಧುಗಳು ಮುಂದಿನ ಪರ್ವದಿನ ಎಲ್ಲೆಯನ್ನು ಸಂಕಲ್ಪಿಸುವಾಗ, ತಾವು ಎಲ್ಲಿಯವರೆಗೆ ಹೋಗುವುದಿಲ್ಲವೆಂಬುದರ ಜೊತೆಗೆ, ಅಂದು ತಮಗಾಗಿ ಯಾರನ್ನು ಓಡಿಸುವುದಿಲ್ಲವೆಂಬುದನ್ನೂ ಒಮ್ಮೆ ಮನಸ್ಸಿನಲ್ಲಿ ಹೇಳಿಕೊಳ್ಳಲಿ.