ಇಂದಿನ ಧಮ್ಮ ಚಿಂತನೆ: ಹಳಿ ಕಿತ್ತ ಮೇಲೂ ಉಳಿಯುವ ದಿಬ್ಬ

 

ಕಳೆದ ವರ್ಷ ದಸರಾ ರಜೆಯಲ್ಲಿ ತರೀಕೆರೆ ಕಡೆಯ ನೆಂಟರ ಊರಿಗೆ ಹೋಗಿದ್ದೆ. ತೋಟದಂಚಿನಲ್ಲಿ ಉದ್ದನೆಯ ಮಣ್ಣಿನ ದಿಬ್ಬ. ದನಗಳು ಅದರ ಮೇಲೆಯೇ ಸಾಲಾಗಿ ನಡೆಯುತ್ತಿದ್ದವು. "ಇದು ಟ್ರಾಮ್ ದಾರಿ ಮೇಷ್ಟ್ರೇ, ನಮ್ಮಪ್ಪನ ಕಾಲದಲ್ಲಿ ದಿಮ್ಮಿ ಸಾಗಿಸ್ತಿದ್ರು" ಎಂದರು ಹಿರಿಯರೊಬ್ಬರು.

ಮೈಸೂರು ಸಂಸ್ಥಾನದ ಕಾಲದಲ್ಲಿ ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಎರಡೇ ಅಡಿ ಅಗಲದ ಪುಟ್ಟ ರೈಲು ಮಾರ್ಗವಿತ್ತು. 1923ರಲ್ಲಿ ಶುರುವಾದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಅದಿರು ಕರಗಿಸಲು ಇದ್ದಿಲು ಬೇಕಿತ್ತು. ಇದ್ದಿಲಿಗೆ ಮರ, ಮರಕ್ಕಾಗಿ ಕಾಡಿನೊಳಗೆ ಹಳಿ. ಮುಂದೆ ಲಾರಿಗಳು ಬಂದವು. 1952ರಲ್ಲಿ ವಿದ್ಯುತ್ ಕುಲುಮೆ ಬಂತು. ಬೇಡವಾದ ಹಳಿಗಳನ್ನು ಕಿತ್ತರು.

ಕಾರಣವಿದ್ದಾಗ ಹುಟ್ಟಿತು, ಕಾರಣ ಹೋದಾಗ ಹೋಯಿತು. ಭಗವಾನ್ ಬುದ್ಧರು ಹೇಳಿದ ಪಟಿಚ್ಚ ಸಮುಪ್ಪಾದ ಇದೇ. ಜಾತಿಯೂ ಮನುಷ್ಯರೇ ಹಾಕಿದ ಹಳಿ, ಯಾರ ಹಣೆಯಲ್ಲೂ ಬರೆದು ಬಂದದ್ದಲ್ಲ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ನಮ್ಮ ಪಾಲಿನ ಆ ಹಳಿಯನ್ನು ಕಿತ್ತುಹಾಕಿದರು.

ಆದರೆ ದಿಬ್ಬ? ಅಲ್ಲಿ ನಿಂತಾಗ ನನಗೆ ಜಯನಗರದ ನಮ್ಮ ಬಾಡಿಗೆ ಮನೆ ನೆನಪಾಯಿತು. ಮನೆ ನೋಡಲು ಹೋದ ದಿನ ಮಾಲೀಕರು, "ನೀವು ಯಾವ ಜನ?" ಎಂದು ಕೇಳಿದ್ದರು. ದೀಕ್ಷೆ ತಗೊಂಡು ವರ್ಷಗಳಾಗಿದ್ದವು. ಆದರೂ ನನ್ನ ಬಾಯಿಂದ ಬಂದದ್ದು, "ನಾವು ಸಸ್ಯಾಹಾರಿಗಳು ಸಾರ್." ಹಿಂದಿನ ರಾತ್ರಿಯಷ್ಟೇ ಮೀನಿನ ಸಾರು ಉಂಡಿದ್ದ ಮಗಳು ನನ್ನ ಮುಖ ನೋಡಿದಳು. ಮನೆ ಸಿಕ್ಕಿತು. ಹನ್ನೊಂದು ತಿಂಗಳು ಕಿಟಕಿ ಮುಚ್ಚಿಕೊಂಡೇ ಅಡುಗೆ ಮಾಡಿದೆವು.

ಆ ಪ್ರಶ್ನೆಯ ತಪ್ಪು ಕೇಳಿದವರದು. ಆದರೆ ತಗ್ಗಿದ ತಲೆ ನನ್ನದು. ಸುಳ್ಳಾಡುವುದಿಲ್ಲ ಎಂಬ ಶೀಲ ಮುರಿದವನೂ ನಾನೇ. ಹಳಿಯಿಲ್ಲದಿದ್ದರೂ ಹಳೆಯ ದಿಬ್ಬದ ಮೇಲೆಯೇ ನಡೆದಿದ್ದೆ, ಆ ದನಗಳ ಹಾಗೆ. ಇದನ್ನೇ ಸಂಖಾರ ಎನ್ನುವುದು. ಹಳಿಯನ್ನು ಇನ್ನೊಬ್ಬರು ಕಿತ್ತುಕೊಟ್ಟಾರು, ದಿಬ್ಬವನ್ನು ಮಾತ್ರ ನಾವೇ ದಿನಕ್ಕೊಂದು ಬುಟ್ಟಿಯಂತೆ ಕಡಿದು ಹಾಕಬೇಕು. ಸಮ್ಮಾ ವಾಯಾಮ ಅಂದರೆ ಆ ದಿನದ ಬುಟ್ಟಿ.

ಊರಿಂದ ಬಂದ ಮೇಲೆ ಬೇರೆ ಮನೆ ಹುಡುಕಿದೆವು. ಕೇಳಿದಲ್ಲೆಲ್ಲ, "ನಾವು ಬೌದ್ಧರು, ಬಾಬಾಸಾಹೇಬರ ಜನ" ಎಂದೆ. ಬಿಟಿಎಂ ಲೇಔಟ್‌ನಲ್ಲಿ ಎರಡು ಕಡೆ ಇಲ್ಲವೆಂದರು. ಬನಶಂಕರಿಯಲ್ಲಿ ಒಬ್ಬರು ಕೀಲಿ ಕೊಟ್ಟರು. ಈಗ ಅಡುಗೆಮನೆ ಕಿಟಕಿ ತೆರೆದೇ ಇರುತ್ತದೆ.

ಇಂದು ಯಾರಾದರೂ ನಿಮ್ಮನ್ನು ಹಾಗೆ ಕೇಳಿದರೆ, ಉತ್ತರಿಸುವ ಮುನ್ನ ಒಂದು ಉಸಿರಿನಷ್ಟು ತಡೆಯಿರಿ. ನಿಂತಿರುವುದು ನೆಲದ ಮೇಲೋ, ದಿಬ್ಬದ ಮೇಲೋ ನೋಡಿಕೊಳ್ಳಿ.

ಭವತು ಸಬ್ಬ ಮಂಗಲಂ. ಜೈ ಭೀಮ್.